ಇಷ್ಟಪಟ್ಟರೆ ಸಾಕಾ?

ಹೋದ ಮಳೆಗಾಲದ ಒಂದು ಭಾನುವಾರ ಬೆಳಗ್ಗೆ ನಮ್ಮ ಸಂಘದ ವಾಟ್ಸಾಪ್ ಗ್ರೂಪಿಗೆ ಒಂದು ಫೋಟೋ ಬಂತು. ರಾತ್ರಿಯಿಡೀ ಕಿಟಕಿಯಿಂದ ನೀರು ಒಳಗೆ ಬಂದು, ಸಂಘದ ಕೋಣೆಯ ಕಪಾಟಿನ ಕೆಳಗಿನ ಎರಡು ಅರೆಗಳಲ್ಲಿದ್ದ ಹಳೇ ಸಂಚಿಕೆಗಳು, ನಾಟಕದ ಸ್ಕ್ರಿಪ್ಟುಗಳು, ರಾಜ್ಯೋತ್ಸವದ ಫೋಟೋಗಳು ಎಲ್ಲ ನೆನೆದು ಮುದ್ದೆಯಾಗಿದ್ದವು. ಫೋಟೋ ಕೆಳಗೆ ಒಂದೇ ಸಾಲು: "ಯಾರಾದ್ರೂ ಬನ್ನಿ, ಇವತ್ತೇ ಒಣಗಿಸ್ಬೇಕು." ಗ್ರೂಪಲ್ಲಿ ಇರೋದು 200ಕ್ಕೂ ಹೆಚ್ಚು ಜನ. ಅಳುವ ಇಮೋಜಿ ಬಂದಿದ್ದು 62. ಕೋಣೆಗೆ ಬಂದಿದ್ದು 4 ಜನ.

ನಾನು ಆ ನಾಲ್ವರಲ್ಲಿ ಇರಲಿಲ್ಲ. 62ರಲ್ಲಿದ್ದೆ.

ಈ ಬರಹ ಯಾರಿಗೂ ಬುದ್ಧಿ ಹೇಳೋಕೆ ಅಲ್ಲ ಅಂತ ಮೊದಲೇ ಹೇಳಿಬಿಡ್ತೀನಿ. ಹೇಳೋ ಯೋಗ್ಯತೆ ನನಗಿಲ್ಲ. ಆದರೆ ಆ ಭಾನುವಾರದ ನಂತರ ಒಂದು ಕತೆ ಗೊತ್ತಾಯ್ತು, ಅದು ತಲೆಯಿಂದ ಹೋಗ್ತಾ ಇಲ್ಲ. ಅದನ್ನ ನಿಮಗೂ ಹೇಳಿ, ನನಗೆ ಅನಿಸಿದ್ದನ್ನ ಮುಂದಿಡ್ತೀನಿ.

ನನ್ನ ರೂಮ್‌ಮೇಟ್‌ಗೆ ಗಿಟಾರ್ ಹುಚ್ಚು. ನಮ್ಮ ಅಪ್ಪಂದಿರು ಹುಟ್ಟೋ ಮುಂಚಿನ ಅಮೆರಿಕದ ಗದ್ದಲದ ರಾಕ್ ಅಂಡ್ ರೋಲ್ ಕೇಳ್ತಾನೆ. ಇಂಟರ್ನಲ್ಸ್ ಹಿಂದಿನ ರಾತ್ರಿನೂ ಬಿಡಲ್ಲ. ಒಂದಿನ ತಡೆಯಲಾರದೆ "ಮಗಾ, ಇದನ್ನೆಲ್ಲ ಯಾರೋ ರೆಕಾರ್ಡ್ ಬೇರೆ ಮಾಡ್ತಾರಾ?" ಅಂದೆ. "ರೆಕಾರ್ಡ್ ಮಾಡಿದ್ದು ಬಿಡು, ಆ ರೆಕಾರ್ಡುಗಳನ್ನ ಕೂತು ತೊಳೆದಿದ್ದಾರೆ ಗೊತ್ತಾ?" ಅಂದ. ನಮಗೆ ರೆಕಾರ್ಡ್ ಅಂದ್ರೆ ಲ್ಯಾಬ್ ರೆಕಾರ್ಡ್. ಅದನ್ನ ಬರೆಯೋದೇ ಕಷ್ಟ, ತೊಳೆಯೋದು ಎಲ್ಲಿಂದ ಬಂತು? ಆಮೇಲೆ ಅವನು ಹೇಳಿದ್ದೇ ನಾರ್ಟನ್ ರೆಕಾರ್ಡ್ಸ್ ಕತೆ.

ನ್ಯೂಯಾರ್ಕಿನ ಬಿಲ್ಲಿ ಮಿಲ್ಲರ್ ಮತ್ತು ಮಿರಿಯಮ್ ಲಿನ್ನಾ ಗಂಡ ಹೆಂಡತಿ. ಮಿರಿಯಮ್ 'ದಿ ಕ್ರ್ಯಾಂಪ್ಸ್' ಅನ್ನೋ ಬ್ಯಾಂಡಿನಲ್ಲಿ ಶುರುವಿನ ದಿನಗಳಲ್ಲಿ ಡ್ರಮ್ಸ್ ಬಾರಿಸಿದವರು. ಇಬ್ಬರೂ ಸೇರಿ 'ಕಿಕ್ಸ್' ಅಂತ ಒಂದು ಪತ್ರಿಕೆ ನಡೆಸ್ತಿದ್ದರು. ದೊಡ್ಡ ಪತ್ರಿಕೆಗಳು ಮರೆತ ಹಾಡುಗಾರರ ಬಗ್ಗೆ ಅಭಿಮಾನಿಗಳೇ ಬರೆದು ಅಭಿಮಾನಿಗಳೇ ಓದೋ ಪತ್ರಿಕೆ ಅದು. ಒಂಥರಾ ನಮ್ಮ ಸಂಘದ ಸಂಚಿಕೆ ಇದ್ದ ಹಾಗೆ. 1986ರಲ್ಲಿ ಇದೇ ದಂಪತಿ ನಾರ್ಟನ್ ರೆಕಾರ್ಡ್ಸ್ ಶುರು ಮಾಡಿದರು. ಲೇಬಲ್ ಅಂದ್ರೆ ನಮ್ಮ ಕಡೆ ಕ್ಯಾಸೆಟ್ ಕಂಪನಿ ಅಂತೀವಲ್ಲ, ಅದೇ. ಇವರ ಹಿಂದೆ ದೊಡ್ಡ ಬಂಡವಾಳಗಾರರು ಯಾರೂ ಇರಲಿಲ್ಲ.

ಅವರು ಮೊದಲು ಹೊರತಂದಿದ್ದು ಹ್ಯಾಸಿಲ್ ಆಡ್ಕಿನ್ಸ್ ಹಾಡುಗಳನ್ನ. ಈತ ವೆಸ್ಟ್ ವರ್ಜೀನಿಯಾದ ಕಲ್ಲಿದ್ದಲು ಗಣಿಗಳ ನಾಡಿನವನು. ಗಿಟಾರ್, ಡ್ರಮ್ಸ್, ಹಾಡು ಎಲ್ಲ ಒಬ್ಬನೇ, ಒಟ್ಟಿಗೆ, ಮನೆಯಲ್ಲೇ ರೆಕಾರ್ಡ್ ಮಾಡ್ತಿದ್ದ. ದೊಡ್ಡ ಕಂಪನಿ ಯಾವುದೂ ಅವನ ಕಡೆ ತಿರುಗಿ ನೋಡಿರಲಿಲ್ಲ. ಆಮೇಲೆ ಲಿಂಕ್ ರೇ, ಎಸ್ಕರೀಟಾ, ಟಕೋಮಾ ಊರಿನ 'ದಿ ಸಾನಿಕ್ಸ್' ಹೀಗೆ ಎಷ್ಟೋ ಜನರ ಹಳೇ ಧ್ವನಿಮುದ್ರಣಗಳು ನಾರ್ಟನ್ ಮೂಲಕ ಮತ್ತೆ ಅಂಗಡಿಗೆ ಬಂದವು. ಲಿಂಕ್ ರೇ ಅಂದ್ರೆ 1958ರ 'ರಂಬಲ್' ಬಾರಿಸಿದವರು. ಒಂದೇ ಒಂದು ಮಾತಿಲ್ಲದ, ಬರೀ ಗಿಟಾರಿನ ಆ ತುಣುಕನ್ನ ಹುಡುಗರು ಕೆಟ್ಟುಹೋಗ್ತಾರೆ ಅಂತ ಕೆಲವು ರೇಡಿಯೋ ಸ್ಟೇಷನ್ನುಗಳು ಹಾಕೋದೇ ನಿಲ್ಲಿಸಿದ್ದವಂತೆ!

ಈಗ ಬಿರುಗಾಳಿಗೆ ಬರೋಣ.

2012ರ ಅಕ್ಟೋಬರ್ 29ರ ಸಂಜೆ ಸ್ಯಾಂಡಿ ಚಂಡಮಾರುತ ನ್ಯೂಜೆರ್ಸಿ ತೀರಕ್ಕೆ ಅಪ್ಪಳಿಸಿತು. ಕೇಂದ್ರದಲ್ಲಿ ವಾಯುಭಾರ ಸುಮಾರು 945 ಹೆಕ್ಟೊಪಾಸ್ಕಲ್. ಮಾಮೂಲಿ 1013 ಇರುತ್ತೆ. ಒಂದು ಹೆಕ್ಟೊಪಾಸ್ಕಲ್ ಇಳಿದರೆ ಸಮುದ್ರ ಹತ್ತಿರ ಹತ್ತಿರ ಒಂದು ಸೆಂಟಿಮೀಟರ್ ಏರುತ್ತೆ. ಅಂದ್ರೆ ಕೇಂದ್ರದ ಕೆಳಗೆ ಬರೀ ಒತ್ತಡದಿಂದಲೇ ಎರಡು ಅಡಿ ನೀರು ಮೇಲೆ! ಆದರೆ ಅಸಲಿ ಕೆಲಸ ಮಾಡಿದ್ದು ಗಾಳಿ. ನ್ಯೂಜೆರ್ಸಿ ತೀರ ಮತ್ತು ಲಾಂಗ್ ಐಲೆಂಡ್ ತೀರ ಎರಡೂ ಸೇರೋ ಮೂಲೆಯಲ್ಲಿ ನ್ಯೂಯಾರ್ಕ್ ಬಂದರು ಇದೆ. ಗಾಳಿ ನೀರನ್ನ ಆ ಮೂಲೆಗೆ ನೂಕಿದರೆ ಅದಕ್ಕೆ ಹೋಗೋಕೆ ಬೇರೆ ಜಾಗ ಇಲ್ಲ. ಸಾಲದ್ದಕ್ಕೆ ಅವತ್ತು ಹುಣ್ಣಿಮೆ, ಸಮುದ್ರದ ಉಬ್ಬರದ ಹೊತ್ತು ಬೇರೆ. ಮ್ಯಾನ್‌ಹಟನ್ನಿನ ದಕ್ಷಿಣ ತುದಿಯ ಬ್ಯಾಟರಿ ಅನ್ನೋ ಜಾಗದಲ್ಲಿ ನೀರು ಸರಾಸರಿ ಇಳಿತದ ಮಟ್ಟಕ್ಕಿಂತ ಸುಮಾರು 14 ಅಡಿ ಮೇಲೇರಿತು. ಅಲ್ಲಿಯವರೆಗಿನ ದಾಖಲೆ ಮುರಿಯಿತು.

ಬ್ಯಾಟರಿಯಿಂದ ನೀರಿನ ಆಚೆ ದಡಕ್ಕೆ ಬ್ರೂಕ್ಲಿನ್ನಿನ ರೆಡ್ ಹುಕ್. ಮೂರು ಕಡೆ ನೀರು, ತಗ್ಗು ಪ್ರದೇಶ, ಹಳೇ ಹಡಗುಕಟ್ಟೆಗಳು, ಹಳೇ ಗೋಡೌನುಗಳು. ನಾರ್ಟನ್ ತನ್ನ ಸ್ಟಾಕ್ ಇಟ್ಟಿದ್ದ ಗೋಡೌನೂ ಇಲ್ಲೇ ಇತ್ತು. ಆ ರಾತ್ರಿ ಸಮುದ್ರ ಅದರ ಒಳಗೇ ಬಂತು.

ಸ್ಟಾಕ್ ಹೋಯ್ತು ಅಂದ್ರೆ ಏನು ಅಂತ ಸ್ವಲ್ಪ ಯೋಚಿಸಿ. ಸಣ್ಣ ಲೇಬಲ್ ಒಂದು ತಟ್ಟೆ ಹೊರತರಬೇಕಾದ್ರೆ ಪ್ರೆಸ್ಸಿಂಗ್ ಕಾರ್ಖಾನೆಗೆ ಮುಂಚೆನೇ ದುಡ್ಡು ಕಟ್ಟಬೇಕು. ಒಂದು ಸಲಕ್ಕೆ ಕೆಲವು ನೂರೋ ಸಾವಿರವೋ ಪ್ರತಿ ಒತ್ತಿಸಿ ಗೋಡೌನಲ್ಲಿ ಇಡ್ತಾರೆ. ವರ್ಷಗಟ್ಟಲೆ ನಿಧಾನಕ್ಕೆ ಮಾರ್ತಾರೆ. ಮಾರಿದ ದುಡ್ಡಲ್ಲಿ ಮುಂದಿನ ತಟ್ಟೆ. ಹಾಗಾಗಿ ಆ ರಟ್ಟಿನ ಡಬ್ಬಗಳೇ ಅವರ ಬ್ಯಾಂಕ್ ಅಕೌಂಟ್. ಮುಂದೆ ಬರಬೇಕಾದ ಹಾಡುಗಳ ದುಡ್ಡೆಲ್ಲ ಅದರೊಳಗೇ ಇರುತ್ತೆ. ವಿಮೆ ಇರಲಿಲ್ವಾ ಅಂತ ಕೇಳಬಹುದು. ಅಮೆರಿಕದಲ್ಲಿ ಸಾಮಾನ್ಯ ಆಸ್ತಿ ವಿಮೆಯಲ್ಲಿ ಪ್ರವಾಹದ ನಷ್ಟ ಸೇರೋದೇ ಇಲ್ಲ. ಅದಕ್ಕೆ ಬೇರೆ ಪಾಲಿಸಿ ತಗೋಬೇಕು. ತಗ್ಗಿನ ಜಾಗದಲ್ಲಿ ಅದು ಸಣ್ಣವರ ಕೈಗೆ ಸುಲಭಕ್ಕೆ ಎಟುಕೋದಲ್ಲ.

ಸುದ್ದಿ ಹರಡಿತು. ಜನ ಬಂದರು. ಹಾಡು ಕೇಳೋರು, ಬ್ಯಾಂಡಿನವರು, ರೆಕಾರ್ಡ್ ಸಂಗ್ರಹ ಮಾಡೋರು. ನೆನೆದ ಡಬ್ಬಗಳನ್ನ ಹೊತ್ತು ಹೊರಗೆ ತಂದರು. ಮುದ್ದೆಯಾದ ಕವರುಗಳಿಂದ ತಟ್ಟೆಗಳನ್ನ ಬಿಡಿಸಿದರು. ಒಂದೊಂದಾಗಿ ತೊಳೆದು ಒಣಗಿಸಿದರು. ಬರೋಕೆ ಆಗದೇ ಇದ್ದೋರು ಸಹಾಯಾರ್ಥ ಸಂಗೀತ ಕಾರ್ಯಕ್ರಮ ಮಾಡಿ ದುಡ್ಡು ಕೂಡಿಸಿದರು. ಸ್ಟಾಕಿನಲ್ಲಿ ಬಹಳಷ್ಟು ಹೋಯ್ತು, ನಿಜ. ಆದರೆ ಸಾವಿರಾರು ತಟ್ಟೆಗಳು ಉಳಿದವು, ಲೇಬಲ್ಲೂ ಉಳಿಯಿತು. 2016ರ ನವೆಂಬರಿನಲ್ಲಿ ಬಿಲ್ಲಿ ಮಿಲ್ಲರ್ ತೀರಿಕೊಂಡರು. ಅದೇ ವರ್ಷ ನಾರ್ಟನ್‌ಗೆ 30 ತುಂಬಿತ್ತು.

ಇಲ್ಲಿ ಒಂದು ಲೆಕ್ಕ ಹಾಕಿ ತೋರಿಸ್ತೀನಿ, ನಾವು ಎಂಜಿನಿಯರಿಂಗ್ ಹುಡುಗರಲ್ವಾ. ವಿನೈಲ್ ತಟ್ಟೆ ಅಂದ್ರೆ ಪಿವಿಸಿ. ಮನೆಯ ಪೈಪಿನ ಬಂಧು. ನೀರು ಅದಕ್ಕೆ ಏನೂ ಮಾಡಲ್ಲ. ಆದರೆ ಮಾಡೋ ಬೇರೆಯವು ಇವೆ: ಉಪ್ಪು, ಕೆಸರು, ಚರಂಡಿ ನೀರು. ತಟ್ಟೆಯ ಗೆರೆ ಕೂದಲೆಳೆಯಷ್ಟು ಸಣ್ಣದು. ಅದರೊಳಗೆ ಕೆಸರು ಒಣಗಿ ಕೂತರೆ ಮುಳ್ಳು ಹಾಡೋದಿಲ್ಲ, ಕರಕರ ಅನ್ನುತ್ತೆ. ಒದ್ದೆ ಕಾಗದದ ಕವರು ತಟ್ಟೆಗೆ ಅಂಟಿಕೊಳ್ಳುತ್ತೆ. ಒಂದೆರಡು ದಿನ ಬಿಟ್ಟರೆ ಬೂಷ್ಟು ಹಿಡಿಯೋಕೆ ಶುರು. ಬಿಸಿನೀರಲ್ಲಿ ಅದ್ದಿ ಬೇಗ ಮುಗಿಸೋಣ ಅಂದ್ರೆ ಪಿವಿಸಿ ಮೆತ್ತಗಾಗಿ ಸೊಟ್ಟ ಆಗುತ್ತೆ. ಹಾಗಾಗಿ ಒಂದೊಂದನ್ನೇ ಕೈಯಲ್ಲಿ ಹಿಡಿದು, ಮಧ್ಯದ ಕಾಗದದ ಲೇಬಲ್ ಹಾಳಾಗದ ಹಾಗೆ ತೊಳೆದು, ನಿಲ್ಲಿಸಿ ಒಣಗಿಸಬೇಕು.

ಒಂದು ತಟ್ಟೆಗೆ 5 ನಿಮಿಷ ಅಂತ ಇಟ್ಟುಕೊಳ್ಳಿ, 10,000 ತಟ್ಟೆ ಅಂತ ಇಟ್ಟುಕೊಳ್ಳಿ. 50,000 ನಿಮಿಷ, ಅಂದ್ರೆ 833 ಗಂಟೆ. ಗಂಡ ಹೆಂಡತಿ ಇಬ್ಬರೇ ದಿನಕ್ಕೆ 8 ಗಂಟೆ ಕೂತರೆ 52 ದಿನ. ಬೂಷ್ಟು 52 ದಿನ ಕಾಯಲ್ಲ. 50 ಜನ ಕೂತರೆ? ಎರಡು ದಿನ ಚಿಲ್ಲರೆ. ಈ ಲೆಕ್ಕದ ಅಂಕಿಗಳು ನನ್ನವು, ನಾರ್ಟನ್‌ದಲ್ಲ. ಆದರೆ ಅದು ಹೇಳೋ ಮಾತು ನಿಜ. ಆ ವಾರ ಅವರಿಗೆ ಬೇಕಾಗಿದ್ದು ದುಡ್ಡಿಗಿಂತ ಮೊದಲು ಕೈಗಳು. ಎಷ್ಟೇ ಲೈಕ್ ಒತ್ತಿದರೂ ಒಂದು ತಟ್ಟೆನೂ ಒಣಗಲ್ಲ.

ಇದಕ್ಕೆ ಎದುರು ಮಾತೂ ಇದೆ. ರೂಮಲ್ಲಿ ನಾನೇ ಎತ್ತಿದ ತಕರಾರು ಇವು.

ಮೊದಲನೇದು: ಹಾಡೆಲ್ಲ ಫೋನಲ್ಲಿ ಸಿಗುತ್ತಲ್ಲ, ಪ್ಲಾಸ್ಟಿಕ್ ತಟ್ಟೆ ಉಳಿಸೋಕೆ ಇಷ್ಟು ಒದ್ದಾಟ ಯಾಕೆ? ಫೋನಲ್ಲಿ ಸಿಗೋದು ಯಾಕೆ ಅಂತ ಕೇಳಿ ನೋಡಿ. ಯಾವುದೋ ಕಾಲದಲ್ಲಿ ಯಾರೋ ಒಬ್ಬರು ಗಣಿ ಊರಿನ ಹಾಡುಗಾರನ ಟೇಪು ಹುಡುಕಿ, ಅದಕ್ಕೆ ತಮ್ಮ ದುಡ್ಡು ಹಾಕಿ, ಹೊರಗೆ ತಂದಿದ್ದಕ್ಕೆ ಸಿಗುತ್ತೆ. ಆಪ್ ತಾನಾಗಿ ಯಾವ ಊರಿಗೂ ಹೋಗಿ ಯಾರ ಅಟ್ಟವನ್ನೂ ಹುಡುಕಲ್ಲ. ನಾರ್ಟನ್ ಅಭಿಮಾನಿಗಳು ಉಳಿಸಿದ್ದು ಹುಡುಕೋ ಆ ಜನರ ಕಸುಬನ್ನ. ತಟ್ಟೆ ತೊಳೆದಿದ್ದು ಆ ಕಸುಬು ನಡೀಲಿ ಅಂತ.

ಎರಡನೇದು ಇನ್ನೂ ಗಟ್ಟಿ ತಕರಾರು. ಆ ಬಿರುಗಾಳಿಯಲ್ಲಿ ಜನ ಸತ್ತರು. ರೆಡ್ ಹುಕ್‌ನಲ್ಲೇ ಸಾವಿರಾರು ಜನ ಇರೋ ಸರ್ಕಾರಿ ವಸತಿ ಕಟ್ಟಡಗಳಲ್ಲಿ ವಾರಗಟ್ಟಲೆ ಕರೆಂಟ್ ಇರಲಿಲ್ಲ. ಮೇಲಿನ ಮಹಡಿಗಳಲ್ಲಿ ವಯಸ್ಸಾದವರು ಕತ್ತಲೆಯಲ್ಲಿ, ಚಳಿಯಲ್ಲಿ ಸಿಕ್ಕಿಕೊಂಡಿದ್ದರು. ಪಕ್ಕದಲ್ಲೇ ಹೀಗಿರುವಾಗ ಹಳೇ ರಾಕ್ ಅಂಡ್ ರೋಲ್ ತೊಳೆಯೋದು ಶೋಕಿ ಅಲ್ವಾ?

ಈ ಪ್ರಶ್ನೆಯನ್ನ ತಳ್ಳಿಹಾಕೋಕೆ ಆಗಲ್ಲ. ಜೀವ ಮೊದಲು, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ದಿನಗಳಲ್ಲಿ ರೆಡ್ ಹುಕ್‌ನಲ್ಲಿ ಆ ಕೆಲಸವೂ ಸಾಮಾನ್ಯ ಜನರ ಕೈಯಿಂದಲೇ ನಡೆಯಿತು. ರೆಡ್ ಹುಕ್ ಇನಿಶಿಯೇಟಿವ್ ಅನ್ನೋ ಸ್ಥಳೀಯ ಸಂಸ್ಥೆಯ ಕಟ್ಟಡವೇ ಪರಿಹಾರ ಕೇಂದ್ರ ಆಯ್ತು. 'ಆಕ್ಯುಪೈ ಸ್ಯಾಂಡಿ' ಹೆಸರಲ್ಲಿ ಸ್ವಯಂಸೇವಕರು ಊಟ, ಕಂಬಳಿ, ಔಷಧಿ ಹೊತ್ತು ಮನೆಮನೆಗೆ ಹೋದರು. ತಟ್ಟೆ ತೊಳೆಯೋರು ಊಟ ಹಂಚೋರ ಕೆಲಸ ಕಿತ್ತುಕೊಳ್ಳಲಿಲ್ಲ. ನನಗೆ ಅನಿಸೋದು, ಒಂದು ಕಡೆ ಮೈ ಬಗ್ಗಿಸೋ ಅಭ್ಯಾಸ ಇರೋರು ಇನ್ನೊಂದು ಕಡೆನೂ ಬಗ್ಗಿಸ್ತಾರೆ. ಎರಡೂ ಕಡೆ ಹೋಗದೆ ಮಂಚದ ಮೇಲೆ ಮಲಗಿ "ಇದಕ್ಕಿಂತ ಮುಖ್ಯವಾದ್ದು ಇದೆಯಲ್ಲ" ಅಂತ ಟೈಪ್ ಮಾಡೋರೇ ಜಾಸ್ತಿ. ನನಗೆ ಗೊತ್ತು, ನಾನೂ ಮಾಡಿದೀನಿ.

ಮೂರನೇ ತಕರಾರಿಗೆ ಮಾತ್ರ ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ. ನಾರ್ಟನ್‌ಗೆ ಅಭಿಮಾನಿಗಳಿದ್ದರು, ಬಂದರು. ಅದೇ ಬೀದಿಯ ಬಡಗಿಗೆ, ಸಣ್ಣ ಕಾರ್ಖಾನೆಯವನಿಗೆ ಅಭಿಮಾನಿಗಳು ಎಲ್ಲಿಂದ ಬರ್ತಾರೆ? ಅಭಿಮಾನದಿಂದ ಬರೋ ಸಹಾಯ ಎಲ್ಲರಿಗೂ ಸಮನಾಗಿ ಹಂಚಿಕೆ ಆಗಲ್ಲ. ಹಾಗಾಗಿ ಅದನ್ನ ವಿಮೆಯ ಜಾಗದಲ್ಲೋ ಸರ್ಕಾರದ ಜಾಗದಲ್ಲೋ ಕೂರಿಸೋದು ತಪ್ಪು. ಅಭಿಮಾನ ಚರಂಡಿ ಕಟ್ಟಲ್ಲ, ತಡೆಗೋಡೆ ಕಟ್ಟಲ್ಲ. ಅದನ್ನ ಕಟ್ಟಬೇಕಾದ್ದು, ಎಲ್ಲರಿಗೂ ಕಟ್ಟಬೇಕಾದ್ದು, ನಾಳೆ ಸಿವಿಲ್ ಮುಗಿಸಿ ಹೊರಗೆ ಹೋಗೋ ನಮ್ಮಂಥವರು, ನಮ್ಮನ್ನ ಕೆಲಸಕ್ಕೆ ಇಟ್ಟುಕೊಳ್ಳೋ ವ್ಯವಸ್ಥೆ. ಇದನ್ನ ಒಪ್ಪಿಕೊಂಡೇ ಹೇಳ್ತೀನಿ: ವ್ಯವಸ್ಥೆ ಬರೋ ತನಕ ಬೂಷ್ಟು ಕಾಯಲ್ಲ.

ಇನ್ನೊಂದು ಹೋಲಿಕೆ ನೋಡಿ. 2008ರ ಜೂನ್ 1ರಂದು ಹಾಲಿವುಡ್ಡಿನ ಯೂನಿವರ್ಸಲ್ ಸ್ಟುಡಿಯೋ ಆವರಣದಲ್ಲಿ ಬೆಂಕಿ ಬಿತ್ತು. ಪ್ರಪಂಚದ ಅತಿ ದೊಡ್ಡ ಸಂಗೀತ ಕಂಪನಿಯ ಮೂಲ ಟೇಪುಗಳು ಇಟ್ಟಿದ್ದ ಕಟ್ಟಡವೂ ಸುಟ್ಟಿತು. ಆ ನಷ್ಟದ ಗಾತ್ರದ ಬಗ್ಗೆ ಹೊರಗಿನವರಿಗೆ ಸರಿಯಾಗಿ ಸುಳಿವು ಸಿಕ್ಕಿದ್ದು 2019ರಲ್ಲಿ, ಅದೂ ಪತ್ರಿಕೆಯೊಂದು ಅಗೆದು ಬರೆದಾಗ. ಎಷ್ಟು ಹೋಯ್ತು ಅನ್ನೋದರ ಬಗ್ಗೆ ಆಮೇಲೂ ವಾದ ನಡೆಯಿತು. ಆ ಹಾಡುಗಳಿಗೆ ಕೋಟ್ಯಂತರ ಅಭಿಮಾನಿಗಳಿದ್ದರು. ಆದರೆ ಹನ್ನೊಂದು ವರ್ಷ ಅವರಿಗೆ ಗೊತ್ತೇ ಇರಲಿಲ್ಲ. ಸಣ್ಣ ನಾರ್ಟನ್ ಮಾತ್ರ ಮುಳುಗಿದ ಮಾರನೇ ದಿನಗಳಲ್ಲೇ ತನಗಾದದ್ದನ್ನ ಬಚ್ಚಿಡದೆ ಹೇಳಿಕೊಂಡಿತು. ಕೇಳೋಕೆ ನಾಚಿಕೆ ಪಡದೇ ಇರೋದೂ ಒಂದು ಶಕ್ತಿ ಅಂತ ನನಗೆ ಅನಿಸಿದ್ದು ಇಲ್ಲಿ.

ಹಾಗಂತ ಕೇಳಿದವರಿಗೆಲ್ಲ ಜನ ಬರಲ್ಲ. ನಾವೂ ಕೇಳಿದ್ವಲ್ಲ, 4 ಜನ ಬಂದ್ರು! ವ್ಯತ್ಯಾಸ ಏನು? ನಾರ್ಟನ್ ಕಡೆ ಹೋದವರು ಬಿರುಗಾಳಿ ಬಂದ ಮೇಲೆ ಹುಟ್ಟಿದ ಅಭಿಮಾನಿಗಳಲ್ಲ. ಅವರಲ್ಲಿ ಎಷ್ಟೋ ಜನ 26 ವರ್ಷದಿಂದ ಆ ಲೇಬಲ್ಲಿನ ತಟ್ಟೆ ಕೊಂಡವರು, ಅದಕ್ಕೂ ಮುಂಚೆ ಆ ಪತ್ರಿಕೆ ಓದಿದವರು, ಅದೇ ವೇದಿಕೆಗಳಲ್ಲಿ ಬಾರಿಸಿದವರು. ಕೌಂಟರಿನ ಆಚೆ ಇರೋರಿಗೂ ಈಚೆ ಇರೋರಿಗೂ ಮುಖಪರಿಚಯ ಇತ್ತು. ಅದಕ್ಕೇ ಗೋಡೌನ್ ಮುಳುಗಿದಾಗ "ಅವರದ್ದು ಮುಳುಗಿತು" ಅಂತ ಅನಿಸಲಿಲ್ಲ, "ನಮ್ಮದು" ಅನಿಸಿತು. ಬಿರುಗಾಳಿ ಯಾವ ಬಳಗವನ್ನೂ ಕಟ್ಟಲ್ಲ. ಇದೆಯೋ ಇಲ್ವೋ ಅಂತ ಟೆಸ್ಟ್ ಮಾಡುತ್ತೆ, ಅಷ್ಟೇ. ಸಿಲಬಸ್ಸು ಮಾತ್ರ ಹಿಂದಿನ 26 ವರ್ಷದ್ದು.

ನಮ್ಮ ಟೆಸ್ಟಿನ ಮಾರ್ಕ್ಸ್ ನೀವೇ ನೋಡಿದ್ರಿ: ಇನ್ನೂರಕ್ಕೆ ನಾಲ್ಕು.

ಅಭಿಮಾನಿಗಳನ್ನ ದೇವರು ಅಂತ ಕರೆದ ರಾಜ್‌ಕುಮಾರ್ ಅವರ ನಾಡು ನಮ್ಮದು. ನವೆಂಬರ್ 1ಕ್ಕೆ ಕ್ಯಾಂಪಸ್ ತುಂಬ ಹಳದಿ ಕೆಂಪು. ಬೈಕ್ ರ‍್ಯಾಲಿಗೆ ಜನ ಬೇಕಾ? ಸಾಲುಗಟ್ಟಿ ಬರ್ತಾರೆ. ಡಿಜೆ ಇದ್ರೆ ಬೇರೆ ಬ್ರಾಂಚಿನವರೂ ಬರ್ತಾರೆ. ಅದು ತಪ್ಪು ಅಂತ ನಾನು ಹೇಳಲ್ಲ, ನಾನೂ ಕುಣಿದಿದೀನಿ. ಆದರೆ ಕುಣಿಯೋದು ಅಭಿಮಾನದ ಸುಲಭದ ಭಾಗ. ಕಷ್ಟದ ಭಾಗ ಬೇಜಾರಿನ ಕೆಲಸದಲ್ಲಿ ಇರುತ್ತೆ. ಪ್ರೂಫ್ ನೋಡೋದು, ನಾಟಕ ಮುಗಿದ ಮೇಲೆ ಕುರ್ಚಿ ಜೋಡಿಸೋದು, ನೆನೆದ ಪುಟಗಳ ಮಧ್ಯೆ ಬಿಳಿ ಕಾಗದ ಇಟ್ಟು ಫ್ಯಾನ್ ಕೆಳಗೆ ಹರಡೋದು. ಅದಕ್ಕೆ ಸರ್ಟಿಫಿಕೇಟ್ ಇಲ್ಲ, ಆಕ್ಟಿವಿಟಿ ಪಾಯಿಂಟ್ ಇಲ್ಲ, ಸ್ಟೋರಿ ಹಾಕೋಕೆ ಒಳ್ಳೇ ಫೋಟೋನೂ ಬರಲ್ಲ.

ಆ ಭಾನುವಾರ ಬಂದ ನಾಲ್ವರಲ್ಲಿ ಒಬ್ಬರು ಫೈನಲ್ ಇಯರ್ ಅಕ್ಕ. ಆಮೇಲೆ ಒಂದಿನ ಕ್ಯಾಂಟೀನಲ್ಲಿ ಸಿಕ್ಕಿದಾಗ ಕೇಳಿದೆ, "ಏನೇನು ಹೋಯ್ತು ಅಕ್ಕಾ?" ಅವರು ಬೈಯಲಿಲ್ಲ. "ಕೆಳಗಿನ ಅರೆಯಲ್ಲಿದ್ದ ಕೈಬರಹದ ಸಂಚಿಕೆಗಳು ಹೋದ್ವು ಕಣೋ. ಶಾಯಿ ಎಲ್ಲ ಹರಡಿಬಿಟ್ಟಿತ್ತು. ಇನ್ನೊಂದು ಹತ್ತು ಜನ ಇದ್ದಿದ್ರೆ ಅಚ್ಚಾಗಿದ್ದನ್ನಾದ್ರೂ ಪೂರ್ತಿ ಉಳಿಸಬಹುದಿತ್ತು" ಅಂದರು. ಹತ್ತು ಜನ. 62 ಇಮೋಜಿಗಳಲ್ಲಿ ಹತ್ತು. ನನ್ನ ಹಾಸ್ಟೆಲ್ ರೂಮಿನಿಂದ ಆ ಕೋಣೆಗೆ ನಡೆದರೆ ಆರು ನಿಮಿಷ. ಆ ಕೈಬರಹದಲ್ಲಿ ಬರೆದವರು ಯಾರು, ಏನು ಬರೆದಿದ್ದರು ಅಂತ ಇನ್ನು ನನಗೆ ಯಾವತ್ತೂ ಗೊತ್ತಾಗಲ್ಲ. ಆ ಸಂಚಿಕೆಗಳಿಗೆ ಎರಡನೇ ಪ್ರತಿ ಇರಲಿಲ್ಲ.

ವಿನೈಲ್ ತಟ್ಟೆಗೆ ಇರೋ ಅದೃಷ್ಟ ಕಾಗದಕ್ಕಿಲ್ಲ. ಕವರು ಹೋದರೂ, ತೊಳೆದರೆ ತಟ್ಟೆ ಹಾಡುತ್ತೆ. ಶಾಯಿಯ ಬರಹವನ್ನ ತೊಳೆದರೆ ಏನೂ ಉಳಿಯಲ್ಲ. ಹಾಗಾಗಿ ನಮ್ಮ ಕೆಲಸ ಮಳೆಗೆ ಮುಂಚೆನೇ ಆಗಬೇಕು.

ಅದಕ್ಕೆ ಒಂದು ಕೋರಿಕೆ ಇಟ್ಟು ಮುಗಿಸ್ತೀನಿ. ಉಳಿದಿರೋ ಸಂಚಿಕೆಗಳನ್ನ ಸ್ಕ್ಯಾನ್ ಮಾಡೋಕೆ, ಕಪಾಟನ್ನ ಕಿಟಕಿಯಿಂದ ದೂರ ಸರಿಸಿ ಕೆಳಗಿನ ಅರೆಗಳನ್ನ ಖಾಲಿ ಇಡೋಕೆ, ಈ ಸೆಮ್ ಪ್ರತಿ ಶನಿವಾರ ಮಧ್ಯಾಹ್ನ ಎರಡು ಗಂಟೆ ಸಂಘದ ಕೋಣೆ ತೆರೆದಿರುತ್ತೆ. ಅಕ್ಕ ಕೀ ಕೊಟ್ಟಿದ್ದಾರೆ. ಒಂದು ಪುಟ ಸ್ಕ್ಯಾನ್ ಮಾಡೋಕೆ ಅರ್ಧ ನಿಮಿಷ ಸಾಕು. ಸುಮಾರು 3,000 ಪುಟ ಇರಬಹುದು. ಒಬ್ಬನೇ ಮಾಡಿದರೆ 25 ಗಂಟೆ, ಅಂದ್ರೆ ಹನ್ನೆರಡು ಹದಿಮೂರು ಶನಿವಾರ. ಐದು ಜನ ತಮ್ಮ ತಮ್ಮ ಫೋನ್ ಹಿಡ್ಕೊಂಡು ಬಂದರೆ ಮೂರು ಶನಿವಾರ. ನಾನಂತೂ ಇರ್ತೀನಿ. ಇದನ್ನ ಓದಿ ಇಷ್ಟ ಆದ್ರೆ ದಯವಿಟ್ಟು ಗ್ರೂಪಲ್ಲಿ ಇಮೋಜಿ ಹಾಕಬೇಡಿ. ಬನ್ನಿ.